ಡೇಗೆಯ ಹಸಿವು

ಪೂಜ್ಯ ಶ್ರೀ ಅಡವಯ್ಯನವರಿಗೆ ಕಟ್ಟಡದ ಮಠವೆಂಬುದೊಂದು ಇರಲೇ ಇಲ್ಲ. ಹಿರೇಕಣಗಿ ಊರಿನಿಂದ ಕೂಗಳತೆ ದೂರದಲ್ಲಿ ಒಂದು ಕಲ್ಲುಗುಡ್ಡ. ಆ ಗುಡ್ಡದ ಬುಡದಲ್ಲಿ ಬಾರಿಮುಳ್ಳಿನ ಬೇಲಿ, ಬೇಲಿಯೊಳಗೆ ಸಜ್ಜೆದಂಟು ಹೊದಿಸಿದ ಒಂದು ಗುಡಿಸಲು. ಜನ ಅದನ್ನೇ ಮಠವೆಂದು ಕರೆದರು, ಅವರನ್ನು ಅಜ್ಜಾರೆಂದು ಕರೆದರು. ಅಜ್ಜನವರು ಹಗಲೆಲ್ಲ ಪುಂಡಿನಾರಿನ ಹಗ್ಗ ಹೊಸೆಯುವರು. ಹಗ್ಗ ಬೇಕಾದವರು ಒಂದಿಷ್ಟು ಕಾಳು ತಂದು ಗಡಿಗೆಗೆ ಸುರಿದು ಹಗ್ಗ ಒಯ್ಯುವರು. ಆ ಕಾಳಿನಲ್ಲಿ ಶಿಷ್ಯನಾದ ಈರಬಸಯ್ಯ ನುಚ್ಚು ಮಾಡುವನು. ಬಂದವರು ಉಂಡು ಉಳಿದದ್ದನ್ನು ಅಜ್ಜನವರು ಉಣ್ಣುವರು.

ಬೆಳಗಾಗುತ್ತಲೇ ಅವರು ಒಂದು ಬೊಗಸೆ ಸಜ್ಜೆ ಹಿಡಿದು ಗುಡಿಸಲ ಮುಂದಿನ ಹಾಸುಬಂಡೆಯ ಮೇಲೆ ಕುಳಿತುಕೊಳ್ಳುತ್ತಿದ್ದರು. ಗುಬ್ಬಿ, ಗೀಜಗ, ಗಿಳಿ, ಕಾಡುಪಾರಿವಾಳದಂಥ ಬೆಳವ ಎಲ್ಲವೂ ಬಂದು ಅವರ ಸುತ್ತ ಇಳಿಯುತ್ತಿದ್ದವು. ಒಂದು ಕಾಲು ಊನವಾದ ಒಂದು ಬೆಳವ ಮಾತ್ರ ಬಂಡೆಯ ಮೇಲಿನ ಕಾಳನ್ನು ಮುಟ್ಟುತ್ತಿರಲಿಲ್ಲ. ಕುಂಟುತ್ತ ಬಂದು ಅಜ್ಜನವರ ಅಂಗೈಯಿಂದಲೇ ತಿನ್ನುತ್ತಿತ್ತು. ಅದನ್ನು ನೋಡಲೆಂದೇ ದೂರದಿಂದ ಭಕ್ತರು ಬರುತ್ತಿದ್ದರು.

ಆ ಬೇಲಿಗೆ ಹತ್ತಿಕೊಂಡೇ ನಿಂಬೆವ್ವನ ಹೊಲವಿತ್ತು. ಈಗ ಹೊಲ ಎನ್ನಬಹುದು. ಆಕೆ ಬರುವ ಮೊದಲು ಅದು ಊರವರೆಲ್ಲ ಬೇಡವೆಂದು ಬಿಟ್ಟಿದ್ದ ಕಲ್ಲುಗಾಡು. ಗಂಡ ತೀರಿದ ಮೇಲೆ ಆಕೆ ಕಲ್ಲುಗಣಿಯ ಕೂಲಿ ಬಿಟ್ಟು ಬಂದು, ಆ ನೆಲದಲ್ಲಿ ಹಾರೆ ಊರಿ ನಿಂತಳು. ಆರು ಬೇಸಿಗೆ ಒಬ್ಬಳೇ ಕಲ್ಲು ಆರಿಸಿದಳು. ಆರಿಸಿದ ಕಲ್ಲನ್ನೇ ಎದೆಯೆತ್ತರ ಒಟ್ಟಿ ಸುತ್ತಲೂ ಒಡ್ಡು ಹಾಕಿದಳು. ಊರ ಗಂಡಸರು ಕಟ್ಟೆಯ ಮೇಲೆ ಕುಳಿತು ನಕ್ಕರು. ಅವರಿಗೆ ಉತ್ತರ ಕೊಡಲು ಆಕೆಗೆ ಪುರುಸೊತ್ತಿರಲಿಲ್ಲ. ಮಠಕ್ಕೆ ಹೋಗಿ ಕೈಮುಗಿಯಲೂ ಪುರುಸೊತ್ತಿರಲಿಲ್ಲ. ಯಾರಾದರೂ ಕೇಳಿದರೆ, "ನನ್ನ ಹೊಲದಾಗ ಇನ್ನೂ ಕಲ್ಲು ಅದಾವು. ಅವು ಮುಗದ ಮ್ಯಾಲೆ ದೇವರು" ಎನ್ನುತ್ತಿದ್ದಳು.

ಏಳನೆಯ ವರ್ಷ ಮಳೆ ಹದವಾಗಿ ಬಂತು. ಸಜ್ಜೆ ಆಕೆಯ ತಲೆಗಿಂತ ಎತ್ತರ ಬೆಳೆದು ಮೊಳದುದ್ದ ತೆನೆ ಬಿಟ್ಟಿತು. ಆ ನೆಲ ಆಕೆಗೆ ಕೊಟ್ಟ ಮೊದಲ ತುಂಬು ಫಸಲು ಅದು. ಮನೆಯ ವರ್ಷದ ಅನ್ನ, ಮುಂದಿನ ಬಿತ್ತನೆಯ ಬೀಜ, ಎಲ್ಲಕ್ಕಿಂತ ಮಿಗಿಲಾಗಿ ಆರು ಬೇಸಿಗೆಯ ಆಕೆಯ ಮಾನ, ಎಲ್ಲವೂ ಆ ತೆನೆಗಳಲ್ಲಿ ತೂಗುತ್ತಿತ್ತು.

ಕಾಳಿಗೆ ಹಾಲು ತುಂಬಿದ ದಿನವೇ ಹಕ್ಕಿಗಳಿಗೆ ಸುದ್ದಿ ಮುಟ್ಟಿತು. ಬೆಳಗ್ಗೆ ಅಜ್ಜನವರ ಬಂಡೆಯ ಮೇಲೆ ಇಳಿದ ಹಿಂಡು, ಅಲ್ಲಿ ಕಾಳು ತೀರಿದೊಡನೆ ಬೇಲಿ ದಾಟಿ ನಿಂಬೆವ್ವನ ಹೊಲಕ್ಕೆ ಬರತೊಡಗಿತು. ಆಕೆ ಹೊಲದ ನಡುವೆ ಮಂಚಿಕೆ ಕಟ್ಟಿ, ಕವಣೆ ಹಿಡಿದು ಹತ್ತಿ ನಿಂತಳು. ಮೂಡಲ ಮೂಲೆಗೆ ಕಲ್ಲು ಬೀಸಿದರೆ ಪಡುವಲ ಮೂಲೆಗೆ ಇಳಿಯುತ್ತಿದ್ದವು, ಅತ್ತ ತಿರುಗಿದರೆ ಬೆನ್ನ ಹಿಂದೆ ಇಳಿಯುತ್ತಿದ್ದವು. ಕೂಗಿ ಕೂಗಿ ಮೂರು ದಿನಕ್ಕೆ ಗಂಟಲು ಬಿದ್ದುಹೋಯಿತು. ತೆನೆಗಳು ಸಾಲುಸಾಲಾಗಿ ಬರಿದಾದವು. ನಾಲ್ಕನೆಯ ದಿನ ಆಕೆ ಬೆಳಗ್ಗೆಯೇ ಹೊರಟು, ಎರಡು ಹರದಾರಿ ನಡೆದು, ಪಾಮಣ್ಣ ನಾಯಕನನ್ನು ಕರೆತಂದಳು.

ಪಾಮಣ್ಣ ಡೇಗೆ ಸಾಕುವವನು. ಗಿಡುಗದ ಜಾತಿಯ ಆ ಬೇಟೆಹಕ್ಕಿಯನ್ನು ಹಿಡಿದು, ಪಳಗಿಸಿ, ಹಕ್ಕಿಯ ಕಾಟವಿದ್ದ ಹೊಲಗಳ ಮೇಲೆ ಹಾರಿಸುವುದು ಅವನ ಅಜ್ಜನ ಕಾಲದಿಂದ ಬಂದ ಕಸುಬು. ಮುಂಗೈಗೆ ಚರ್ಮ ಸುತ್ತಿಕೊಂಡು, ಅದರ ಮೇಲೆ ಡೇಗೆಯನ್ನು ಕೂರಿಸಿಕೊಂಡು ಬಂದ. ಅದರ ಕಾಲಲ್ಲಿ ಗೆಜ್ಜೆ. ಅದನ್ನು ಅವನು 'ಮಗಳಾ' ಎಂದೇ ಕರೆಯುತ್ತಿದ್ದ. ಡೇಗೆ ಒಂದು ಸುತ್ತು ಹಾರಿ ಒಂದು ಗೀಜಗವನ್ನು ಎತ್ತಿತೋ ಇಲ್ಲವೋ, ಹೊಲಕ್ಕೆ ಹೊಲವೇ ಖಾಲಿಯಾಯಿತು. ಮರುದಿನವೂ ಹಾಗೆಯೇ. ನಿಂಬೆವ್ವ ಬಹಳ ದಿನಗಳ ಮೇಲೆ ಕುಳಿತು ರೊಟ್ಟಿ ತಿಂದಳು.

ಮಠಕ್ಕೆ ಬರುವ ಭಕ್ತರಿಗೆ ಇದನ್ನು ಸಹಿಸಲಾಗಲಿಲ್ಲ. ಈರಬಸಯ್ಯ ಬೇಲಿಯ ಬಳಿ ಬಂದು ನಿಂತು ಕೂಗಿದ:

"ಏ ನಿಂಬೆವ್ವಾ! ನಮ್ಮ ಅಜ್ಜಾರು ಹಕ್ಕೀಗೆ ಕಾಳು ಹಾಕ್ತಾರ, ನೀ ಹಕ್ಕೀಗೆ ಯಮನ್ನ ಕರಿಸೀದಿ. ಮಠದ ಮಗ್ಗಲದಾಗ ಇಂಥಾ ಪಾಪದ ಕೆಲಸ ನಡಸಬ್ಯಾಡ."

ನಿಂಬೆವ್ವ ಮಂಚಿಕೆಯಿಂದ ಇಳಿಯಲೂ ಇಲ್ಲ. "ಅಯ್ಯಾರ, ನಿಮ್ಮ ಅಜ್ಜಾರು ಮುಂಜಾನೆ ಒಂದ ಬೊಗಸಿ ಹಾಕಿ ಬೀಗರನ್ನ ಕರಸತಾರ. ಆ ಬೀಗರು ಉಳದ ಊಟಾ ಪೂರಾ ನನ್ನ ಹೊಲದಾಗ ಮಾಡತಾರ. ಪುಣ್ಯ ನಿಮಗ, ಬೀಗರೂಟ ನನಗ. ಇದ್ಯಾವ ನ್ಯಾಯರಿ?"

ಈರಬಸಯ್ಯ ಮುಖ ಊದಿಸಿಕೊಂಡು ಹೋಗಿ ಆ ಮಾತನ್ನು ಒಂದಕ್ಷರ ಬಿಡದೆ ಅಜ್ಜನವರಿಗೆ ಒಪ್ಪಿಸಿದ. ಅವರು ಬೈಯುತ್ತಾರೆಂದೇ ಅವನ ಎಣಿಕೆ. ಅಜ್ಜನವರು ಹೊಸೆಯುತ್ತಿದ್ದ ಕೈ ನಿಲ್ಲಿಸಿ ಬೇಲಿಯಾಚೆಯ ಹೊಲದ ಕಡೆ ನೋಡಿದರು. ಮರುದಿನ ಬೆಳಗ್ಗೆ ಮತ್ತೆ ಬೊಗಸೆ ಸಜ್ಜೆ ಹಿಡಿದು ಬಂಡೆಗೆ ಹೋದರು.

ಇತ್ತ ಹೊಲದಲ್ಲಿ ಒಂದು ತೊಡಕು ಬಂತು. ಮೂರನೆಯ ದಿನ ಮುಂಜಾನೆಯೇ ಡೇಗೆ ಒಂದು ದಪ್ಪ ಗಿಳಿಯನ್ನು ಹಿಡಿಯಿತು. ಪಾಮಣ್ಣ ಅದನ್ನು ಪೂರ್ತಿ ತಿನ್ನಲು ಬಿಟ್ಟ. ತಿಂದ ಡೇಗೆ ಕಲ್ಲಿನ ಒಡ್ಡಿನ ಮೇಲೆ ಒಂದು ಕಾಲು ಮಡಚಿ ಕುಳಿತು ಗರಿ ತಿದ್ದಿಕೊಳ್ಳತೊಡಗಿತು. ಮಧ್ಯಾಹ್ನದ ಹೊತ್ತಿಗೆ ಹಕ್ಕಿಗಳಿಗೂ ಅದು ತಿಳಿಯಿತು. ಅದರ ಕಣ್ಣೆದುರಿಗೇ ತೆನೆಗೆ ಇಳಿದವು.

"ಏನಪಾ ಪಾಮಣ್ಣ, ನಿನ್ನ ಮಗಳಿಗೆ ಇವತ್ತು ರಜಾ ಏನು?"

"ಹೊಟ್ಟಿ ತುಂಬೇತಿ ಅಕ್ಕಾ. ಹೊಟ್ಟಿ ತುಂಬಿದ್ದು ಹಾರೂದಿಲ್ಲ. ನಾಳಿ ಮುಂಜಾನೆ ತಾನ ಹದಕ್ಕ ಬರತೈತಿ."

"ಹಂಗಾದರ ಹೊಟ್ಟಿ ತುಂಬಸಬ್ಯಾಡ. ಹಿಡದದ್ದನ್ನ ಕಸಗೊ. ಮತ್ತ ಹಾರಸು."

ಪಾಮಣ್ಣ ಡೇಗೆಯ ಎದೆಯ ಗರಿಯೊಳಗೆ ಹೆಬ್ಬೆರಳು ಇಳಿಸಿ ತೋರಿಸಿದ. "ಹಸಿವು ಬ್ಯಾರೆ, ಉಪಾಸ ಬ್ಯಾರೆ ಅಕ್ಕಾ. ಇಲ್ಲಿ ಎದಿ ಎಲುಬು ಐತಲ್ಲಾ, ಇದು ಬಟ್ಟಿಗೆ ಸಿಗಬೇಕು, ಚುಚ್ಚಬಾರದು. ಚುಚ್ಚಾಕ ಹತ್ತಿತು ಅಂದರ ಅದು ನನ್ನ ಮಾತು ಕೇಳೂದಿಲ್ಲ. ನಮ್ಮಪ್ಪ ನನಗ ಕಲಿಸಿದ್ದ ಇಷ್ಟು."

"ನಿಮ್ಮಪ್ಪನ ಹೊಲಾ ತಿನ್ನಾಕತ್ತಿದ್ದಿಲ್ಲ ಹಕ್ಕಿ!" ನಿಂಬೆವ್ವ ಒಂದು ಬರಿದಾದ ತೆನೆ ಮುರಿದು ಅವನ ಮುಂದೆ ಹಿಡಿದಳು. "ಎರಡು ದಿನ ಉಣ್ಣದಿದ್ದರ ಯಾರೂ ಸಾಯೂದಿಲ್ಲ ತಮ್ಮಾ. ನಾ ಎಷ್ಟು ಸಲ ಇದ್ದೇನಿ. ಸತ್ತೇನೇನು?"

ಆಕೆಯ ಅನ್ನ ಉಣ್ಣುತ್ತಿದ್ದವನು ಪಾಮಣ್ಣ. ಎದುರಾಡಲಾರದೆ ಡೇಗೆಯನ್ನು ಮುಂಗೈಗೆ ಎತ್ತಿಕೊಂಡ.

ಮುಂದಿನ ಎರಡು ದಿನ ಡೇಗೆ ಹಿಡಿದದ್ದನ್ನೆಲ್ಲ ಅವನು ಅದರ ಉಗುರಿನಿಂದ ಬಿಡಿಸಿಕೊಂಡ. ಡೇಗೆ ಹುಚ್ಚುಹುಚ್ಚಾಗಿ ಹಾರಿತು, ಮತ್ತೆ ಹಿಡಿಯಿತು, ಮತ್ತೆ ಖಾಲಿ ಉಗುರಲ್ಲಿ ಕುಳಿತಿತು. ಹೊಲದಲ್ಲಿ ಒಂದು ಗುಬ್ಬಿಯೂ ಸುಳಿಯಲಿಲ್ಲ. ನಿಂಬೆವ್ವನ ಮನಸ್ಸು ತಣ್ಣಗಾಯಿತು. ಪಾಮಣ್ಣ ಮಾತ್ರ ಮಧ್ಯೆ ಮಧ್ಯೆ ಹೆಬ್ಬೆರಳಿನಿಂದ ಆ ಎಲುಬನ್ನು ಮುಟ್ಟಿ ನೋಡಿ ಕೈ ಹಿಂದೆಗೆಯುತ್ತಿದ್ದ.

ಮೂರನೆಯ ಬೆಳಗ್ಗೆ ಡೇಗೆ ಅವನ ಕೈಯಿಂದ ಎದ್ದಿತು. ಹೊಲದ ಮೇಲೆ ಹಕ್ಕಿಯಿಲ್ಲ. ಬೇಲಿಯಾಚೆ ಬಂಡೆಯ ಮೇಲೆ ಹಿಂಡು ಕಂಡಿತು. ಪಾಮಣ್ಣ ಸಿಳ್ಳು ಹಾಕಿದ. ಕೇಳಲಿಲ್ಲ. 'ಮಗಳಾ' ಎಂದು ಕೂಗಿದ. ಕೇಳಲಿಲ್ಲ. ಗೆಜ್ಜೆಯ ಸದ್ದಿಗೆ ಬಂಡೆಯ ಮೇಲಿನ ಹಕ್ಕಿಗಳೆಲ್ಲ ಭರ್ರೆಂದು ಎದ್ದು ಹೋದವು. ಕಾಲು ಊನವಾದ ಬೆಳವ ಮಾತ್ರ ಏಳುವುದರಲ್ಲಿ ತಡವಾಯಿತು. ಅಜ್ಜನವರ ಮೊಣಕಾಲಿನ ಪಕ್ಕದಲ್ಲೇ, ಚಾಚಿದ ಅವರ ಅಂಗೈಯ ಕೆಳಗೇ, ಡೇಗೆ ಅದನ್ನು ನೆಲಕ್ಕೆ ಒತ್ತಿತು.

ಹಾಹಾಕಾರವೆದ್ದಿತು. ಈರಬಸಯ್ಯ ಬಡಿಗೆ ಹಿಡಿದು ಓಡಿ ಬಂದ, ಹಗ್ಗಕ್ಕೆ ಬಂದಿದ್ದ ನಾಲ್ಕು ಜನವೂ ಬಂದರು. ನಿಂಬೆವ್ವ ಒಡ್ಡು ಹಾರಿ, ಮುಳ್ಳು ಸೀರೆಗೆ ಸಿಕ್ಕಿದ್ದನ್ನು ಹರಿದುಕೊಂಡು ಓಡಿದಳು, ಹಿಂದೆಯೇ ಪಾಮಣ್ಣ. ದಾರಿಯಲ್ಲೇ ಮಾತು ಕೂಡಿಸಿಕೊಂಡಿದ್ದಳು. ಇವರು ಡೇಗೆಯನ್ನು ಕೊಂದರೆ ತನ್ನ ಹೊಲ ಇವತ್ತೇ ಹೋಯಿತು. ಬೈದರೆ ತಾನೂ ಬಿಡುವವಳಲ್ಲ.

ಬಂದು ನೋಡಿದರೆ, ಅಜ್ಜನವರು ಡೇಗೆಯ ಸುತ್ತ ಎರಡೂ ತೋಳು ಬಳಸಿ, ಅದನ್ನು ಮುಟ್ಟದೆ, ಬೇಲಿ ಕಟ್ಟಿದಂತೆ ಕುಳಿತಿದ್ದರು. ಈರಬಸಯ್ಯ ಬೆಳವವನ್ನು ಕಸಿಯಲು ಬಾಗಿದ್ದ.

"ಬಿಡು, ಈರಬಸಯ್ಯ" ಎಂದರು ಅಜ್ಜನವರು. "ಉಣ್ಣಾವರ ಮುಂದಿನ ಎಡಿ ಕಸಗೊಬಾರದು."

"ಅಜ್ಜಾರ! ಅದು ನಿಮ್ಮ ಕೈಯಾಗ ತಿಂತಿದ್ದ ಬೆಳವ!"

"ಗೊತ್ತೈತಿ."

ಅಷ್ಟು ಹೇಳುವಾಗ ಅವರ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಆದರೂ ತೋಳು ತೆಗೆಯಲಿಲ್ಲ. ಅಡಿಗೆಗೆ ಬೆಳ್ಳುಳ್ಳಿಯನ್ನೂ ಸೇರಿಸದ ಆ ಮಠದಲ್ಲಿ, ಹಕ್ಕಿಗಳಿಗೆ ಕಾಳು ಹಾಕುವ ಆ ಬಂಡೆಯ ಮೇಲೆ, ಡೇಗೆ ರೆಕ್ಕೆ ಹರಡಿಕೊಂಡು ಗರಿ ಕಿತ್ತು ತಿಂದಿತು. ಯಾರೂ ಹೋಗಲಿಲ್ಲ. ಅದು ತಿನ್ನುವ ಆತುರ ನೋಡಲಾಗದೆ ಒಬ್ಬ ಮುದುಕ ಮುಖ ತಿರುಗಿಸಿದ. ಹೊಟ್ಟೆ ತುಂಬಿ, ಡೇಗೆ ಕೊಕ್ಕನ್ನು ಬಂಡೆಗೆ ಒರೆಸಿಕೊಂಡು ತಾನಾಗಿ ಪಾಮಣ್ಣನ ಕೈಗೆ ಹೋಗಿ ಕುಳಿತ ಮೇಲೆಯೇ ಅಜ್ಜನವರು ತೋಳು ಸಡಿಲಿಸಿದರು.

"ಇದು ಉಂಡು ಎಷ್ಟು ದಿನ ಆಗಿತ್ತು ಪಾಮಣ್ಣ?"

"ಎರಡು ದಿನ, ಅಜ್ಜಾರ."

"ನಿನ್ನ ಕೈಗೆ ತಿಳಿದಿದ್ದಿಲ್ಲೇನು?"

"ತಿಳಿದಿತ್ತರಿ." ಪಾಮಣ್ಣ ನಿಂಬೆವ್ವನ ಹೆಸರು ಎತ್ತಲಿಲ್ಲ.

ನಿಂಬೆವ್ವನಿಗೆ ಅದನ್ನು ತಡೆಯಲಾಗಲಿಲ್ಲ. "ಅವನನ್ನ ಯಾಕ ಕೇಳತೀರಿ? ನಾ ಹೇಳಿದ್ದು. ನನ್ನ ಕೇಳರಿ. ಆರು ಬ್ಯಾಸಿಗಿ ಕಲ್ಲು ಹೊತ್ತೇನಿ ನಾ. ನೀವು ಕಾಳು ಹಾಕಿ ಕರದ ಹಕ್ಕಿ ನನ್ನ ಹೊಲಾ ತಿಂದಾವು. ಬೈರಿ, ಬೈಯೂದಿದ್ದರ!"

ಅಜ್ಜನವರು ಬೆಳವದ ಉಳಿದ ಗರಿಗಳನ್ನು ಒಂದೊಂದಾಗಿ ಆರಿಸಿ ಅಂಗೈಯಲ್ಲಿ ಇಟ್ಟುಕೊಳ್ಳುತ್ತಿದ್ದರು. ತಲೆಯೆತ್ತಿ ಆಕೆಯನ್ನು ನೋಡಿದರು.

"ನೀ ಹೇಳಿದ್ದು ಖರೆ ಐತಿ ಯವ್ವಾ. ಮೊನ್ನೆ ಈರಬಸಯ್ಯ ಬಂದು ಹೇಳಿದಾಗ ನನಗ ತಿಳಿದಿತ್ತು. ಕಾಳು ಹಾಕೂ ಕೈ ನಿಲ್ಲಿಸಾಕ ಮನಸಾಗಲಿಲ್ಲ, ನನಗ ಇವುಗಳ ಸಂಗಾತ ಬೇಕಾಗಿತ್ತು. ಹಕ್ಕಿ ಕರದಾವ ನಾ. ಡೇಗಿ ಉಪಾಸ ಕೆಡವಿದಾಕಿ ನೀ. ಇಬ್ಬರೂ ಕೂಡಿ ಇದನ್ನ ಕೊಂದಿವಿ. ಡೇಗಿ ಉಂಡೈತಿ, ಅಷ್ಟ."

ನಿಂಬೆವ್ವ ಬೈಗುಳಕ್ಕೆ ಉತ್ತರ ಕಟ್ಟಿಕೊಂಡು ಬಂದಿದ್ದಳು, ಶಾಪಕ್ಕೂ ಕಟ್ಟಿಕೊಂಡು ಬಂದಿದ್ದಳು. ಎರಡೂ ಬರಲಿಲ್ಲ. ಪಾಮಣ್ಣನ ಕೈಮೇಲಿನ ಡೇಗೆಯ ಕಡೆ ನೋಡಿದಳು. ಅದರ ಎದೆ ಇನ್ನೂ ಏರಿಳಿಯುತ್ತಿತ್ತು. ನೋಡುತ್ತ ನೋಡುತ್ತ ಆಕೆಗೆ ಕಲ್ಲುಗಣಿ ನೆನಪಾಯಿತು. ಅಲ್ಲಿನ ಮೇಸ್ತ್ರಿ ಹೆಂಗಸರ ರೊಟ್ಟಿಗಂಟುಗಳನ್ನೆಲ್ಲ ಬೆಳಗ್ಗೆಯೇ ಇಸಿದುಕೊಂಡು ಜಾಲಿಯ ಕೊಂಬೆಗೆ ಕಟ್ಟಿಸುತ್ತಿದ್ದ. ಎದೆಮಟ್ಟ ಜಲ್ಲಿ ಒಡೆದು ಒಟ್ಟಿದ ಮೇಲೆಯೇ ಗಂಟು ಕೆಳಗಿಳಿಯುತ್ತಿತ್ತು. 'ಹೊಟ್ಟಿ ತುಂಬಿದವರು ಸುತ್ತಿಗಿ ಎತ್ತೂದಿಲ್ಲ' ಎಂದು ಅವನು ನಗುತ್ತಿದ್ದ. ಸುತ್ತಿಗೆ ಬೀಳುತ್ತಿದ್ದದ್ದು ಕಲ್ಲಿನ ಮೇಲೆ, ಕಣ್ಣಿರುತ್ತಿದ್ದದ್ದು ಕೊಂಬೆಯ ಮೇಲೆ. ಒಂದು ದಿನ ಕಣ್ಣು ಅತ್ತ ಹೋದಾಗಲೇ ಎಡಗೈಯ ಕಿರುಬೆರಳು ಜಜ್ಜಿಹೋಗಿತ್ತು. ಆ ನೆಲ ಬಿಟ್ಟು ಈ ನೆಲಕ್ಕೆ ಬಂದದ್ದೇ ಆ ಕೊಂಬೆಯ ಕೆಳಗೆ ಮತ್ತೆ ನಿಲ್ಲಬಾರದೆಂದು. ಇಲ್ಲಿ ತಾನೇ ಗಂಟು ಕಟ್ಟಿದ್ದಳು. ಮೇಸ್ತ್ರಿಯ ಮಾತನ್ನು, ಮೇಸ್ತ್ರಿಯ ಧಾಟಿಯಲ್ಲೇ ಆಡಿದ್ದಳು.

ಆಕೆ ಬಂಡೆಯ ಅಂಚಿನಲ್ಲಿ ಕುಕ್ಕರಿಸಿ ಕುಳಿತಳು. "ನನ್ನ ಹೊಲಾ?" ಎಂದಷ್ಟೇ ಕೇಳಿದಳು. ಆ ದನಿಯಲ್ಲಿ ಜಗಳವಿರಲಿಲ್ಲ.

"ಕಾಯೂಣು, ನಡಿ" ಎಂದು ಅಜ್ಜನವರು ಗರಿಗಳನ್ನು ಮಣ್ಣಿಗೆ ಸೇರಿಸಿ ಎದ್ದರು.

"ಅಜ್ಜಾರ, ನೀವು ಮಂಚಿಕಿ ಹತ್ತಿ ಹಕ್ಕಿ ಕಾಯೂದ?" ಈರಬಸಯ್ಯ ಅಡ್ಡ ಬಂದ. "ಮಂದಿ ಏನಂದಾರು?"

"ಬೀಗರು ನಮ್ಮವರಪಾ. ನಾವ ಕಳಸಿಕೊಡಬೇಕು. ಆ ಗಂಗಾಳ ತೊಗೊಂಡು ನೀನೂ ಬಾ."

ಎಪ್ಪತ್ತು ದಾಟಿದ ಅಜ್ಜನವರು ಅಂದು ನಿಂಬೆವ್ವನ ಮಂಚಿಕೆ ಹತ್ತಿದರು. ಹಕ್ಕಿಗಳನ್ನು ಕರೆಯುತ್ತಿದ್ದ ದನಿಯಲ್ಲೇ "ಹೋ... ಹೋ..." ಎಂದು ಓಡಿಸಿದರು. ಈರಬಸಯ್ಯ ಗೊಣಗುತ್ತ ಪಡುವಲ ಮೂಲೆಯಲ್ಲಿ ನಿಂತು, ನುಚ್ಚು ಉಣ್ಣುವ ಹಿತ್ತಾಳೆಯ ಗಂಗಾಳ ನೆಗ್ಗುವಂತೆ ಬಾರಿಸಿದ. ದರ್ಶನಕ್ಕೆ ಬಂದವರು ಮಂಚಿಕೆಯ ಕೆಳಗೇ ದರ್ಶನ ಮಾಡಬೇಕಾಯಿತು. ಮಾಡಿದವರ ಕೈಗೆ ಒಂದೊಂದು ಕವಣೆ ಬಂತು. ಕೊಯ್ಲು ಮುಗಿಯುವವರೆಗೆ ಬಂಡೆಯ ಮೇಲೆ ಒಂದು ಕಾಳೂ ಬೀಳಲಿಲ್ಲ. ಆ ವರ್ಷದಿಂದ ಅಜ್ಜನವರು ಹೊಲದಲ್ಲಿ ತೆನೆಯಿರುವ ದಿನಗಳಲ್ಲಿ ಕಾಳು ಹಾಕುವುದನ್ನೇ ಬಿಟ್ಟರು. ಹಕ್ಕಿಗಳಿಗೆ ಏನೂ ಸಿಗದ ಉರಿಬೇಸಿಗೆಯಲ್ಲಿ ಮಾತ್ರ ಕಾಳು, ನೀರು ಇಟ್ಟರು.

ಡೇಗೆಯನ್ನು ಹಾರಿಸಬಾರದೆಂದು ಅವರು ಹೇಳಲಿಲ್ಲ. ಪಾಮಣ್ಣ ಹೆದರುತ್ತ ಕೇಳಿದಾಗ, "ಹಸದಾಗ ಹಾರತೈತಿ, ಹಾರಲಿ. ಹಸಿವು ನೀವು ಮಾಡಬ್ಯಾಡರಿ" ಎಂದರು.

ನಿಂಬೆವ್ವನ ಪರೀಕ್ಷೆ ಬಂದದ್ದು ಅದಾದ ಮೂರನೆಯ ದಿನ. ಡೇಗೆ ಮುಂಜಾನೆಯೇ ಹಾರಿ, ಹಿಡಿದು, ತಿಂದು, ಒಡ್ಡಿನ ಮೇಲೆ ಕಣ್ಣು ಅರೆಮುಚ್ಚಿ ಕುಳಿತಿತ್ತು. ಆಗ ಉತ್ತರದಿಂದ ಕಬ್ಬಕ್ಕಿಗಳ ಹಿಂಡು ಬಂತು. ಹೊಗೆಯೆದ್ದಂತೆ ಮುಗಿಲಲ್ಲಿ ಒಂದು ಸಲ ಹೊರಳಿ, ಮೂಡಲ ಮೂಲೆಗೆ ಇಳಿಯಿತು. ಪಾಮಣ್ಣ ನಿಂಬೆವ್ವನ ಮುಖ ನೋಡಿದ. 'ನಾಳಿಂದ ಹಿಡದದ್ದನ್ನ ಕಸಗೊ' ಎಂಬ ಮಾತು ಆಕೆಯ ತುಟಿಯವರೆಗೆ ಬಂತು. ಕಣ್ಣೆದುರು ಆರು ಬೇಸಿಗೆ ಕರಗುತ್ತಿತ್ತು.

"ಕೂತಿರಲಿ ಬಿಡು. ಉಂಡೈತಿ" ಎಂದು ಹೇಳಿ, ಸೀರೆಯ ಕಚ್ಚೆ ಬಿಗಿದು, ಕವಣೆ ಬೀಸುತ್ತ ತಾನೇ ಓಡಿದಳು. ಮಂಚಿಕೆಯ ಮೇಲಿನಿಂದ ಅಜ್ಜನವರ ಕೂಗು, ಆಚೆಯಿಂದ ಗಂಗಾಳದ ಸದ್ದು, ನಡುವೆ ಆಕೆ. ಹಿಂಡು ಏಳುವಷ್ಟರಲ್ಲಿ ಆ ಮೂಲೆಯ ಐದಾರು ಸಾಲು ಬರಿ ದಂಟಾಗಿತ್ತು. ಆಕೆ ಅದರ ನಡುವೆ ನಿಂತು ಏದುಸಿರು ಬಿಟ್ಟಳು. ಅಳಬಹುದೆಂದು ಪಾಮಣ್ಣ ಹತ್ತಿರ ಬಂದ. ಆಕೆ ಅಳಲಿಲ್ಲ. "ಉಳದದ್ದು ಕಾಯೂಣು, ಬಾ" ಎಂದಳು.

ಉಳಿದದ್ದು ಉಳಿಯಿತು. ಎಣಿಸಿದಷ್ಟಲ್ಲದಿದ್ದರೂ ವರ್ಷದ ಅನ್ನಕ್ಕೆ, ಬಿತ್ತನೆಗೆ ಸಾಕಾಗುವಷ್ಟು ಕಾಳು ಆಕೆಯ ಕಣಕ್ಕೆ ಬಂತು. ನಕ್ಕ ಗಂಡಸರೇ ರಾಶಿ ನೋಡಲು ಬಂದರು.

ಆಕೆ ಹೊಲವನ್ನು ಉಳಿಸಿಕೊಂಡ ಸುದ್ದಿ, ಉಪವಾಸದ ಡೇಗೆಯ ಸುದ್ದಿ ಎರಡೂ ಸುತ್ತಮುತ್ತ ಹರಡಿದವು. ಮರುವರ್ಷ ಸಜ್ಜೆ ತೆನೆಯಾಗುವ ಹೊತ್ತಿಗೆ ಕೆಳಗಿನ ಊರಿನ ಮುದಿಗೌಡರು ಬಂಡಿ ಹೂಡಿಕೊಂಡು ಬಂದರು. ಪಾಮಣ್ಣ ಮತ್ತೆ ನಿಂಬೆವ್ವನ ಹೊಲದಲ್ಲೇ ಇದ್ದ. ಗೌಡರು ಒಡ್ಡಿನ ಬಳಿ ನಿಂತು ಡೇಗೆಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು.

"ನಿಂಬೆವ್ವಾ, ಈ ಹುಡುಗನ್ನ ಹತ್ತು ದಿನ ನಮ್ಮ ಹೊಲಕ್ಕ ಕಳಿಸು. ನನಗ ಒಂದ ಮಾತು ಹೇಳು. ಎಷ್ಟು ದಿನ ಉಪಾಸ ಇಟ್ಟರ ಇದು ಚಲೋ ಹಾರತೈತಿ?"

"ನೀವು ಎಷ್ಟು ದಿನ ಇರತೀರಿ ಗೌಡರ?"

ಗೌಡರು ನಕ್ಕರು. "ನಾ ಯಾಕ ಇರಲಿ ಉಪಾಸ?"

"ಹಂಗಾದರ ಅದು ಯಾಕ ಇರಬೇಕರಿ?"

"ಏ, ಹೊಲಾ ನಂದಲ್ಲೇನು?"

"ಹೊಲಾ ನಿಮ್ಮದರಿ" ಎಂದಳು ನಿಂಬೆವ್ವ. "ಹಸಿವು ಅದರದು." ಮುಂದೆ ಮಾತಿಗೆ ನಿಲ್ಲದೆ ತೆನೆಗಳ ನಡುವೆ ನಡೆದುಹೋದಳು.

ಬೇಲಿಯಾಚೆ ಕುಳಿತಿದ್ದ ಅಡವಯ್ಯ ಅಜ್ಜನವರಿಗೆ ಆ ಮಾತು ಕೇಳಿಸಿತು. ಅವರು ಎದ್ದು ನಿಂತರು. ದೂರ ಹೋಗುತ್ತಿದ್ದ ಆಕೆಯ ಬೆನ್ನಿಗೆ ಎರಡೂ ಕೈ ಎತ್ತಿ ಮುಗಿದರು. ಆಕೆ ನೋಡಲಿಲ್ಲ.